ಜೆಸಿಬಿ, ಹಿಟಾಚಿ, ಪೋಕ್ಲೇನ್: ನಿಮ್ಮ ಕಡೆ ಯಾವುದಕ್ಕೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಕಂಪನಿ ಹೆಸರೇ ವಸ್ತುವಿನ ಹೆಸರಾಗಿಬಿಟ್ಟ ಪದಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೇನೆ. ಡಾಲ್ಡಾ, ಜೆರಾಕ್ಸ್ ಎಲ್ಲರಿಗೂ ಗೊತ್ತು, ಬಿಡಿ. ಮಣ್ಣು ಅಗೆಯುವ ಯಂತ್ರಗಳ ವಿಷಯ ಮಾತ್ರ ಸ್ವಲ್ಪ ತಮಾಷೆಯಾಗಿದೆ.

ನಮ್ಮ ಬಾಗಲಕೋಟೆ ಕಡೆ ಲೆಕ್ಕ ಸರಳ. ಟೈರ್ ಮೇಲೆ ಓಡುತ್ತೆ, ಮುಂದೆ ಅಗಲದ ಬಕೆಟ್, ಹಿಂದೆ ಅಗೆಯೋ ಕೈ ಇದೆ ಅಂದ್ರೆ ಅದು ಜೆಸಿಬಿ. ಚೈನ್ ಮೇಲೆ ತೆವಳುತ್ತೆ, ಕ್ಯಾಬಿನ್ ಸಮೇತ ಗಿರ್ರನೆ ಸುತ್ತುತ್ತೆ ಅಂದ್ರೆ ಹಿಟಾಚಿ. ಗಾಡಿ ಮೈಮೇಲೆ ಏನು ಬರೆದಿದೆ ಅಂತ ಯಾರೂ ನೋಡಲ್ಲ. ಜೆಸಿಬಿ ಕಂಪನಿಯದೇ ಚೈನ್ ಗಾಡಿ ಲಾರಿ ಮೇಲೆ ಬಂದಿಳಿದರೂ ‘ಹಿಟಾಚಿ ಬಂತು’ ಅಂತಾರೆ! ಇಳಕಲ್ಲಿನ ಗ್ರಾನೈಟ್ ಸೀಮೆಯಲ್ಲಿ ಹೊಲ ಹಸನು ಮಾಡಿಸುವವರ ಮಾತು ಹೀಗಿರುತ್ತೆ: “ಈ ಕಲ್ಲಿಗಿ ಜೆಸಿಬಿ ಬಗ್ಗಂಗಿಲ್ಲರಿ, ಹಿಟಾಚಿನ ಹಚ್ಚಬೇಕು.” ಇಲ್ಲಿ ಎರಡೂ ಕಂಪನಿಗಳಲ್ಲ, ಎರಡು ಜಾತಿ ಯಂತ್ರ. ತಾಸಿನ ಬಾಡಿಗೆಯೂ ಬೇರೆ ಬೇರೆ.

ನಿಪ್ಪಾಣಿ, ಚಿಕ್ಕೋಡಿ ಕಡೆ ಹೋದರೆ ಇದೇ ಚೈನ್ ಗಾಡಿಗೆ ಪೋಕ್ಲೇನ್ ಅನ್ನೋದು ಕಿವಿಗೆ ಬೀಳುತ್ತೆ. ಮರಾಠಿಯಲ್ಲಿ ಅದೇ ಬಳಕೆ, ಅಲ್ಲಿಂದಲೇ ದಾಟಿ ಬಂದಿರಬೇಕು. ಸುಮಾರು ಜನ ಇದನ್ನ ‘ಪ್ರೊಕ್ಲೇನ್’ ಅಂತಲೂ ಅಂತಾರೆ. ಅದರೊಳಗೆ ‘ಕ್ರೇನ್’ ಇದೆ ಅಂದುಕೊಂಡು ಬಿಡಿಸಿ ಹೇಳುವವರೂ ಇದ್ದಾರೆ. ಹಂಗೇನಿಲ್ಲ. ಪೋಕ್ಲೇನ್ ಫ್ರಾನ್ಸಿನ ಕಂಪನಿ. 1927ರಲ್ಲಿ ಜಾರ್ಜ್ ಬತಾಯ್ ಎಂಬುವರು ಶುರು ಮಾಡಿದ್ದು, ಮೊದಲು ಕೃಷಿ ಯಂತ್ರಗಳ ಕಾರ್ಖಾನೆ. ಹೈಡ್ರಾಲಿಕ್ ಅಗೆಯುವ ಯಂತ್ರದಿಂದ ಹೆಸರು ಮಾಡಿತು. ನಮ್ಮ ದೇಶದಲ್ಲಿ ಆ ಯಂತ್ರಗಳನ್ನು ಎಲ್ ಅಂಡ್ ಟಿಯವರು ತಯಾರಿಸುತ್ತಿದ್ದರು. ಈಗ ಆ ಹೆಸರಿನ ಗಾಡಿ ಕಣ್ಣಿಗೆ ಬೀಳೋದೇ ಅಪರೂಪ, ಮಾತು ಮಾತ್ರ ಉಳಿದಿದೆ.

ಹಿಟಾಚಿ ಅನ್ನೋದು ಜಪಾನಿನ ಒಂದು ಊರಿನ ಹೆಸರು. ಅಲ್ಲಿನ ತಾಮ್ರದ ಗಣಿಯ ರಿಪೇರಿ ಶೆಡ್ಡಿನಲ್ಲಿ ನಾಮಿಹೇ ಒಡೈರಾ ಎಂಬ ಎಂಜಿನಿಯರ್ 1910ರಲ್ಲಿ 5 ಎಚ್‌ಪಿ ಕರೆಂಟ್ ಮೋಟರ್ ಮಾಡಿದರು, ಅಲ್ಲಿಂದ ಕಂಪನಿ ಬೆಳೆಯಿತು. ನಮ್ಮ ಪಕ್ಕದ ಧಾರವಾಡದಲ್ಲೇ ಟಾಟಾ ಹಿಟಾಚಿಯ ಕಾರ್ಖಾನೆ ಇರೋದ್ರಿಂದ ಈ ಪದ ಇಲ್ಲಿ ಜಾಸ್ತಿ ಬೇರೂರಿತೋ ಏನೋ, ಅದು ನನ್ನ ಊಹೆ.

ಜೆಸಿಬಿ ಅಂದರೆ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. ಇಂಗ್ಲೆಂಡಿನ ಅಟಾಕ್ಸಿಟರ್ ಊರಿನ ಒಂದು ಸಣ್ಣ ಗ್ಯಾರೇಜಿನಲ್ಲಿ 1945ರಲ್ಲಿ ಕೆಲಸ ಶುರು ಮಾಡಿದರು. ಮೊದಲು ಮಾಡಿದ್ದು ಯುದ್ಧದ ಗುಜರಿ ಸಾಮಾನಿನಿಂದ ಒಂದು ಟ್ರೇಲರ್. ಭಾರತದಲ್ಲಿ 1979ರಿಂದ ತಯಾರಿಕೆ.

ಇನ್ನೊಂದು ಮಾತು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದರು. ಹಿಟಾಚಿ ಮೋಟರ್ ಹುಟ್ಟಿದ ಅದೇ 1910! ಆದರೆ ಅವರ ಹೆಸರು ಇಲ್ಲಿ ಜೆಸಿಬಿ ಥರ ವಸ್ತುವಿನ ಹೆಸರಾಗಲಿಲ್ಲ. ಕಿರ್ಲೋಸ್ಕರ ಪಂಪು, ಕಿರ್ಲೋಸ್ಕರ ಎಂಜಿನ್ ಅಂತ ಹಿಂದೆ ಇನ್ನೊಂದು ಪದ ಬೇಕೇ ಬೇಕು.

ಈಗ ನನ್ನ ಪ್ರಶ್ನೆ. ವಿಜಯಪುರ, ಇಂಡಿ, ಸಿಂದಗಿ ಕಡೆ ಚೈನ್ ಗಾಡಿಗೆ ಹಿಟಾಚಿ ಅಂತಾರೋ ಪೋಕ್ಲೇನ್ ಅಂತಾರೋ? ಸೊಲ್ಲಾಪುರ ಹತ್ತಿರ ಆದ್ದರಿಂದ ಕೇಳುತ್ತಿದ್ದೇನೆ. ಟೈರು, ಚೈನು ಎರಡಕ್ಕೂ ಸುಮ್ನೆ ಜೆಸಿಬಿ ಅನ್ನುವ ಊರುಗಳಿದ್ದರೆ ಅದನ್ನೂ ತಿಳಿಸಿ.