ಪದಚರ್ಚೆ: ‘ಮಾರ್ಟಾಲಿಟಿ ರಿಸ್ಕ್’ಗೆ ಪದ ಬೇಕು, ನಾಳೆ ಬೆಳಗ್ಗೆಯೊಳಗೆ

ನಮಸ್ಕಾರ. ಐಸಿಯು ಹೊರಗೆ ಕಾಯುವ ಮನೆಯವರಿಗೆಂದು ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ವಿಷಯ ಇದು. ತಲೆಗೆ ಜೋರು ಪೆಟ್ಟಾದಾಗ, ಅಂದರೆ ಎಚ್ಚರ ಎಷ್ಟಿದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ 15ಕ್ಕೆ 8 ಅಥವಾ ಇನ್ನೂ ಕಡಿಮೆ ಬಂದಾಗ, ಡಾಕ್ಟರು ಹೃದಯವನ್ನೂ ನೋಡುತ್ತಾರೆ. ಎದೆಗೆ ಏಟೇ ಬಿದ್ದಿರುವುದಿಲ್ಲ, ಆದರೂ ಮಿದುಳಿಗೆ ಪೆಟ್ಟಾದ ಹೊತ್ತಿಗೆ ಮೈಯಲ್ಲಿ ಅಡ್ರಿನಲಿನ್ ಉಕ್ಕಿ ಹೃದಯದ ಸ್ನಾಯುವಿಗೂ ಹಾನಿ ಆಗಬಹುದು, ಆಗ ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ಹೊರಬರುವ ಪ್ರೋಟೀನ್) ಏರುತ್ತದೆ, ಇಸಿಜಿ ಬದಲಾಗುತ್ತದೆ. ಬಿಪಿ ಬಿದ್ದರಂತೂ ಮಿದುಳಿಗೆ ರಕ್ತ ಸಾಲದು. ಇದನ್ನೆಲ್ಲ ನೋಡಿ ಮಾಡುವ ‘ಮಾರ್ಟಾಲಿಟಿ ರಿಸ್ಕ್ ಪ್ರಿಡಿಕ್ಷನ್’ಗೆ ನಾನು ‘ಮರಣ ಸಾಧ್ಯತೆಯ ಮುನ್ಸೂಚನೆ’ ಎಂದು ಬರೆದೆ. ಓದಿದರೆ ನನಗೇ ಎದೆ ಧಸಕ್ಕೆನ್ನುತ್ತದೆ. ಬೇರೆ ಏನಾದರೂ ಇದೆಯಾ?

ಮರು:
‘ಮುನ್ಸೂಚನೆ’ ಬೇಡವೇ ಬೇಡ. ಮುನ್ ಕನ್ನಡ, ಸೂಚನೆ ಸಂಸ್ಕೃತ. ಹೀಗೆ ಎರಡನ್ನೂ ಬೆರೆಸಿ ಕಟ್ಟಿದ ಪದ ಅರಿಸಮಾಸ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇಂಥದ್ದು ಸಲ್ಲದು ಎಂದಿದ್ದಾನೆ. ಹವಾಮಾನದವರು ದಿನಾ ಬಳಸಿದ ಮಾತ್ರಕ್ಕೆ ಸರಿಯಾಗುವುದಿಲ್ಲ. ‘ಮುಂಗಾಣಿಕೆ’ ಎನ್ನಿ. ‘ಸಾವು’ ಇರುವಾಗ ‘ಮರಣ’ ಯಾಕೆ? ಹೃದಯಕ್ಕೂ ನಮ್ಮದೇ ‘ಗುಂಡಿಗೆ’ ಇದೆ, ತೆಲುಗಿನ ಗುಂಡೆಯ ಒಡಹುಟ್ಟು. ‘ಗುಂಡಿಗೆ ನೋಡಿ ಸಾವಿನ ಮುಂಗಾಣಿಕೆ’. ನಾಲ್ಕೂ ಅಚ್ಚಗನ್ನಡ. ಮುಗಿಯಿತು.

ಮರು:
ಮುಗಿದಿಲ್ಲ ಸರ್. ಗುಂಡಿಗೆ ಅಂದರೆ ಇವತ್ತು ಜನ ಧೈರ್ಯ ಅಂದುಕೊಳ್ಳುತ್ತಾರೆ, ‘ಗುಂಡಿಗೆ ಗಟ್ಟಿ ಇರಬೇಕು’ ಅನ್ನುವುದಿಲ್ವಾ? ಇನ್ನು ‘ಕಾಣಿಕೆ’ ಅಂದರೆ ಹುಂಡಿ ನೆನಪಾಗುತ್ತದೆ. ಐಸಿಯು ಬಾಗಿಲಲ್ಲಿ ಹರಕೆ ಹೊತ್ತು ಕೂತವರ ಕೈಗೆ ‘ಸಾವಿನ ಮುಂಗಾಣಿಕೆ’ ಅನ್ನುವ ಚೀಟಿ ಕೊಡಬೇಡಿ, ದಯವಿಟ್ಟು.

ನನ್ನ ತಕರಾರು ‘ಸಾಧ್ಯತೆ’ಯ ಮೇಲೆ. ಸಾಧ್ಯ ಅಂದರೆ ಸಾಧಿಸಬಹುದಾದದ್ದು. ಆಯುರ್ವೇದದಲ್ಲಿ ಸಾಧ್ಯ ಅಂದರೆ ವಾಸಿಯಾಗುವ ಕಾಯಿಲೆ, ಅಸಾಧ್ಯ ಅಂದರೆ ವಾಸಿಯಾಗದ್ದು. ಅಂಥ ಪದವನ್ನು ಸಾವಿನ ಪಕ್ಕ ಕೂರಿಸಿದರೆ ಅರ್ಥವೇ ತಲೆಕೆಳಗು. ಪತ್ರಿಕೆಗಳಲ್ಲಿ ‘ಸಾವಿನ ಸಾಧ್ಯತೆ’ ಅಂತ ಓದಿದಾಗಲೆಲ್ಲ ನನಗೆ ಕಲ್ಲು ಕಡಿದ ಹಾಗಾಗುತ್ತದೆ.

ನನ್ನ ಭಾವ ಬೈಕಿನಿಂದ ಬಿದ್ದು 11 ದಿನ ಐಸಿಯುನಲ್ಲಿದ್ದರು. ಅಕ್ಕ ಬಂದಬಂದ ಡಾಕ್ಟರನ್ನೆಲ್ಲ ಕೇಳಿದ್ದು ಒಂದೇ ಮಾತು, ‘ಜೀವಕ್ಕೆ ಅಪಾಯ ಇಲ್ಲ ಅಲ್ವಾ ಸರ್?’ ರಿಸ್ಕ್ ಅನ್ನುವುದಕ್ಕೆ ಕನ್ನಡ ಅಲ್ಲೇ ಇದೆ. ‘ಪ್ರಾಣಾಪಾಯದ ಅಂದಾಜು’ ಅಂತ ಬರೆಯಿರಿ. ಅಂದಾಜು ತಪ್ಪಬಹುದು ಅಂತ ಎಲ್ಲರಿಗೂ ಗೊತ್ತು. ಮುನ್ಸೂಚನೆ ಅಂದರೆ ಆಗಿಯೇ ಹೋಯಿತು ಅನ್ನಿಸುತ್ತದೆ.

ಮರು:
ಪ್ರಾಣ ಸಂಸ್ಕೃತ, ಅಪಾಯ ಸಂಸ್ಕೃತ, ಅಂದಾಜು ಪಾರಸಿ. ಕನ್ನಡದ್ದು ನಡುವಿನ ‘ದ’ ಒಂದೇ. ಹೀಗೆ ಸಾಲ ಎತ್ತುತ್ತಾ ಹೋದರೆ ಮನೆಯಲ್ಲಿದ್ದದ್ದು ಮೂಲೆ ಸೇರುತ್ತದೆ. ಗುಂಡಿಗೆಯನ್ನು ನಾವು ಬಳಸುವುದು ಬಿಟ್ಟೆವು, ಅದಕ್ಕೇ ಅದು ಬರೀ ಧೈರ್ಯವಾಗಿ ಉಳಿದಿದೆ. ಬಳಸಿದರೆ ತಾನೇ ಪದ ಬದುಕುವುದು?

ಮರು:
ಜಮೀನೂ ಪಾರಸಿ, ಖರ್ಚೂ ಪಾರಸಿ. ಉತ್ತರ ಕರ್ನಾಟಕದವರು ದವಾಖಾನಿಗೆ ಹೋಗುವಾಗ ಸಾಲದ ಪದ ಅಂತ ಯೋಚಿಸುವುದಿಲ್ಲ. ಪದ ಬದುಕಿಸುವ ಕೆಲಸ ಬೇಕು ಸರ್, ನಾನೂ ಒಪ್ಪುತ್ತೇನೆ. ಕಥೆಯಲ್ಲಿ ಮಾಡೋಣ, ಶಾಲೆಯ ಪಾಠದಲ್ಲಿ ಮಾಡೋಣ. ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತ ತಾಯಿಗೆ ಒಂದೇ ಸಲ ಓದಿದರೆ ಅರ್ಥವಾಗಬೇಕು.

ಮರು:
ಇಬ್ಬರಿಗೂ ಥ್ಯಾಂಕ್ಸ್. ‘ಮರಣ’ ತೆಗೆದೆ, ‘ಸಾಧ್ಯತೆ’ಯನ್ನೂ ತೆಗೆದೆ. ತಲೆಬರಹ ಹೀಗೆ ಇಟ್ಟಿದ್ದೇನೆ: ‘ತಲೆಗೆ ಪೆಟ್ಟಾದಾಗ ಹೃದಯವನ್ನೂ ಯಾಕೆ ನೋಡುತ್ತೇವೆ’. ಪ್ರಾಣಾಪಾಯದ ಅಂದಾಜು ಒಳಗೆ, ಎರಡನೇ ಸಾಲಿನಲ್ಲಿ ಬರುತ್ತದೆ. ‘ಫ್ಯಾಕ್ಟರ್’ಗೆ ‘ಅಂಶ’, ‘ಕಾರಕ’ ಅಂತೆಲ್ಲ ಹುಡುಕುತ್ತಿದ್ದೆ. ಅದನ್ನು ಬಿಟ್ಟು ಬಿಪಿ, ನಾಡಿ, ಇಸಿಜಿ, ಟ್ರೋಪೋನಿನ್ ಅಂತ ಹೆಸರನ್ನೇ ಬರೆದುಬಿಟ್ಟೆ. ಈಗ ಕಳಿಸುತ್ತಿದ್ದೇನೆ.