ತೋಟಾ ಕಟ್ಟುವುದೋ, ತುಂಬುವುದೋ? ಚಿಕ್ಕ ಬೋರಿನ ಕೋವಿಯ ಕೆಲವು ಪದಗಳು

ಮಾನ್ಯರೇ,

28 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲವನ್ನು ಸೂಚಿಸುವ ಸಂಖ್ಯೆ) ಕೋವಿಗೆ ಸೀಸದ ಒಂಟಿ ಉಂಡೆಯ ತೋಟಾಗಳನ್ನು, ಅಂದರೆ ಮದ್ದು, ಗುಂಡು ಎರಡನ್ನೂ ಒಳಗೊಂಡ ಕೊಳವೆಗಳನ್ನು, ಕೈಯಿಂದಲೇ ಸಿದ್ಧಪಡಿಸುವ ಬಗೆಯನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುವಾಗ ಎದುರಾದ ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ‘ತುಂಬು’ ಎಂಬ ಕ್ರಿಯಾಪದ. ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಗಜವೆಂಬ ಸರಳಿನಿಂದ ಜಡಿಯುತ್ತಿದ್ದ ಕಾಲದಲ್ಲಿ ಈಡು ಸಿದ್ಧಪಡಿಸುವುದೂ ಕೋವಿಗೆ ಹಾಕುವುದೂ ಒಂದೇ ಕೆಲಸವಾಗಿದ್ದುದರಿಂದ ‘ಕೋವಿ ತುಂಬು’ ಎಂದರೆ ಸಾಕಾಗುತ್ತಿತ್ತು. ತೋಟಾ ಬಂದ ಮೇಲೆ ಅದು ಎರಡು ಕೆಲಸವಾಯಿತು: ಖಾಲಿ ಕೋಶಕ್ಕೆ ಕೇಪು (ಮದ್ದಿಗೆ ಕಿಡಿ ತಗುಲಿಸುವ ಪುಟ್ಟ ಬಟ್ಟಲು) ಕೂರಿಸಿ, ಮದ್ದು ಹಾಕಿ, ಮೇಲೆ ಉಂಡೆಯಿಟ್ಟು ಬಾಯಿ ಮಡಿಸುವುದು ಒಂದು; ಹಾಗೆ ಸಿದ್ಧವಾದ ತೋಟಾವನ್ನು ಕೋವಿಗೆ ಹಾಕುವುದು ಇನ್ನೊಂದು. ‘ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ’ ಎಂದು ಬರೆದರೆ ಓದುಗನು ನೋಡಬೇಕಾದದ್ದು ಮೇಜಿನ ಮೇಲಿನ ತೋಟಾವನ್ನೋ ಕೈಯಲ್ಲಿರುವ ಕೋವಿಯನ್ನೋ ತಿಳಿಯುವುದಿಲ್ಲ. ಆದ್ದರಿಂದ ಮೊದಲ ಕೆಲಸಕ್ಕೆ ‘ತೋಟಾ ಕಟ್ಟುವುದು’, ಎರಡನೆಯದಕ್ಕೆ ‘ತೋಟಾ ಹಾಕುವುದು’ ಎಂದು ಬಳಸಿದ್ದೇನೆ. ಹೂವನ್ನೂ ಬೀಡಿಯನ್ನೂ ಕಟ್ಟುವ ನಮಗೆ ಈ ‘ಕಟ್ಟು’ ಕಿವಿಗೆ ಒಡ್ಡೊಡ್ಡಾಗಿ ಕೇಳಿಸಲಾರದೆಂದು ನನ್ನ ನಂಬಿಕೆ. ತೋಟಾಕ್ಕೆ ಪೋರ್ಚುಗೀಸ್ ಮೂಲದ ‘ಕಾಡತೂಸು’ ಕೂಡ ಬಳಕೆಯಲ್ಲಿದೆಯಾದರೂ, ‘ಕಾಡತೂಸು ಕಟ್ಟುವುದು’ ಎಂಬುದು ನನಗೇಕೋ ಒಗ್ಗಲಿಲ್ಲ.

ಎರಡನೆಯದು ‘ಗುಂಡು’. ಮೂಲ ಬರಹದಲ್ಲಿ ಚರೆ (ಒಂದೇ ತೋಟಾದಲ್ಲಿ ಹಲವಿರುವ ಸಣ್ಣ ಗುಂಡುಗಳು), ಉದ್ದನೆಯ ಒಂಟಿ ಗುಂಡು, ಗೋಳಾಕಾರದ ಒಂಟಿ ಗುಂಡು ಎಂಬ ಮೂರು ಬೇರೆ ಬೇರೆ ವಸ್ತುಗಳಿವೆ. ಚರೆಯ ವಿಷಯದಲ್ಲಿ ತಕರಾರಿಲ್ಲ. ಆದರೆ ‘ಗುಂಡು’ ಎನ್ನುವಾಗಲೇ ದುಂಡಗಿನದೆಂಬ ಅರ್ಥ ಬೆರೆತಿದ್ದರೂ ಇಂದು ಮೊನೆಯುಳ್ಳ ರೈಫಲಿನ ಗುಂಡೂ ಗುಂಡೇ ಆಗಿರುವುದರಿಂದ, ಖಚಿತವಾಗಿ ಹೇಳಹೊರಟವನು ‘ಗುಂಡಗಿನ ಗುಂಡು’ ಎನ್ನಬೇಕಾಗುತ್ತದೆ. ‘ಗೋಲಿಗುಂಡು’ ಎಂದರಂತೂ ಮಕ್ಕಳ ಆಟ ನೆನಪಾಗುತ್ತದೆ. ‘ಒಂಟಿಗುಂಡು’ ಎಂಬುದು ಚರೆಯಿಂದ ಬೇರ್ಪಡಿಸುತ್ತದೆಯೇ ಹೊರತು ಆಕಾರವನ್ನು ಹೇಳುವುದಿಲ್ಲ. ಸದ್ಯಕ್ಕೆ ‘ಸೀಸದ ಉಂಡೆ’ ಎಂದು ಇಟ್ಟುಕೊಂಡಿದ್ದೇನೆ.

ಹೆಚ್ಚು ತೊಡಕಾಗಿರುವುದು ‘ಬೋರ್’ ಅಥವಾ ‘ಗೇಜ್’ ಸಂಖ್ಯೆ. ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುವ ಸೀಸದ ಉಂಡೆಗಳು ಎಷ್ಟು ಸೇರಿದರೆ ಒಂದು ಪೌಂಡ್ ಆಗುತ್ತದೆಯೋ ಅದೇ ಆ ಸಂಖ್ಯೆ. 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20ರದ್ದು 15.6, 28ರದ್ದು 14. ಅಂದರೆ 28 ಬೋರಿಗೆ ಸರಿಸಮನಾದ ಉಂಡೆಯ ತೂಕ 16 ಗ್ರಾಂ ಆಸುಪಾಸು. ತೋಟಾಕ್ಕೆ ಬಳಸುವ ಉಂಡೆ ನಳಿಗೆಯ ಮೂತಿಯ ಕಿರಿದಾದ ಭಾಗವನ್ನೂ ದಾಟಬೇಕಾದ್ದರಿಂದ ಇದಕ್ಕಿಂತ ಚಿಕ್ಕದಾಗಿರುತ್ತದೆ. 410 ಎಂಬ ಬೋರ್ ಮಾತ್ರ ಈ ಲೆಕ್ಕಕ್ಕೆ ಸೇರದು. ಅದು ಅಂಗುಲದ ಸಾವಿರದಲ್ಲೊಂದು ಭಾಗಗಳಲ್ಲಿ ಹೇಳಿದ ವ್ಯಾಸ.

ಸಂಖ್ಯೆ ಏರಿದಂತೆ ನಳಿಗೆ ಕಿರಿದಾಗುವುದರಿಂದ ‘ಕಡಿಮೆ ಗೇಜ್’, ‘ಸಣ್ಣ ಗೇಜ್’ ಎಂಬ ಮಾತುಗಳು ಓದುಗನನ್ನು ತಿರುವುಮುರುವಾಗಿಸುತ್ತವೆ. ಇದು ಬರೀ ವ್ಯಾಕರಣದ ಕಾಳಜಿಯಲ್ಲ. 20 ಬೋರಿನ ತೋಟಾ 12 ಬೋರಿನ ಕೋವಿಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳಬಲ್ಲದು. ಅದು ಕಾಣದೆ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆಯೇ ಒಡೆಯಬಹುದು. ಹಾಗಾಗಿ ‘ಸಣ್ಣ’, ‘ದೊಡ್ಡ’ ಎಂಬ ವಿಶೇಷಣಗಳನ್ನು ಸಂಖ್ಯೆಗೆ ಹಚ್ಚದೆ ನಳಿಗೆಗೇ ಹಚ್ಚಿ, ‘ಕಿರಿ ನಳಿಗೆಯ, 28 ಬೋರಿನ ಕೋವಿ’ ಎಂದು ಬರೆಯುತ್ತಿದ್ದೇನೆ.

ಉಳಿದದ್ದು ಮದ್ದಿಗೂ ಉಂಡೆಗೂ ನಡುವೆ ಇಡುವ ಬಿಲ್ಲೆ. ಅದು ಉರಿದ ಮದ್ದಿನ ಅನಿಲ ಮುಂದಕ್ಕೆ ಸೋರದಂತೆ ತಡೆಯುತ್ತದೆ, ಜೊತೆಗೆ ಉಂಡೆಗೆ ಬೀಳುವ ಮೊದಲ ಹೊಡೆತವನ್ನು ಮೆತ್ತಗಾಗಿಸುತ್ತದೆ. ‘ಬಿರಡೆ’ ಎಂದರೆ ಮೊದಲ ಕೆಲಸ ಮಾತ್ರ ತೋರುತ್ತದೆ, ಅಲ್ಲದೆ ಬಾಟಲಿಯ ಬಾಯಿಗೆ ಹಾಕುವಂಥದ್ದೆಂಬ ಭಾವನೆ ಬರುತ್ತದೆ. ‘ಮೆತ್ತೆ’ ಎಂದರೆ ಎರಡನೆಯದು ಮಾತ್ರ. ಕೋವಿಯೊಡನೆ ಒಡನಾಟವಿರುವ ಮನೆಗಳಲ್ಲಿ ಇದಕ್ಕೆ ಯಾವ ಮಾತಿದೆ? ತಿಳಿದವರು ಪದದೊಂದಿಗೆ ಅದನ್ನು ಬಳಸಿದ ಒಂದು ವಾಕ್ಯವನ್ನೂ ಬರೆದರೆ, ಅದು ಬಿಲ್ಲೆಗೆ ಸಲ್ಲುವ ಮಾತೋ ಹಳೆಯ ಕೋವಿಗೆ ಜಡಿಯುತ್ತಿದ್ದ ನಾರಿಗೆ ಸಲ್ಲುವ ಮಾತೋ ಎಂದು ತೀರ್ಮಾನಿಸಲು ಅನುಕೂಲವಾಗುತ್ತದೆ.