ಫ್ರೆಂಚ್ ಪಾಲಿಶ್: ಸಾಗವಾನಿ, ಬೀಟಿ, ಜಾಲಿಗೆ ಒಂದ ಕೈ ನಡಿತದೇನ್ರಿ?

ಪ್ರಶ್ನೆ (ಕಲಬುರಗಿ): ಉಸ್ತಾದ್ರ, ಮನ್ಯಾಗ ಸಾಗವಾನಿ ಕಪಾಟು, ಬೀಟಿ ಕುರ್ಚಿ, ಜಾಲಿ ಕಟ್ಟಿಗಿ ಸ್ಟೂಲು ಅವ. ಮೂರಕ್ಕೂ ಚಪಡಾ (ಅರಗು) ಸ್ಪಿರಿಟ್ಟಿನಾಗ ಕರಗಿಸಿ ಮಾಡೋ ಫ್ರೆಂಚ್ ಪಾಲಿಶ್ ಹಚ್ಚಬೇಕು. ಒಂದು ಲೀಟರ್ ಸ್ಪಿರಿಟ್ಟಿಗೆ ಚಪಡಾ ಎಷ್ಟು? ಮೂರಕ್ಕೂ ಒಂದ ರೀತಿ ಮಾಡಿದ್ರ ನಡಿತದೇನು?

ಉತ್ತರ: ಪಾಲಿಶ್ ಒಂದೇ ರೀ, ತಯಾರಿ ಬ್ಯಾರೆ ಬ್ಯಾರೆ. ಲೀಟರಿಗೆ 140ರಿಂದ 150 ಗ್ರಾಂ ಚಪಡಾ. ಗಾಜಿನ ಬಾಟಲಿ ಇಲ್ಲಾ ಪ್ಲಾಸ್ಟಿಕ್ ಡಬ್ಬಿಯೊಳಗ ಕರಗಸ್ರಿ. ಕಬ್ಬಿಣದ ಡಬ್ಬಿ ಬ್ಯಾಡ, ಪಾಲಿಶ್ ಕಪ್ಪಾಗ್ತದ. ಆಗಾಗ ಅಲುಗಾಡಿಸಿ, ಒಂದು ದಿನ ಬಿಟ್ಟು, ತೆಳು ಅರಿವಿಯಿಂದ ಸೋಸ್ರಿ. ಥಿನ್ನರ್ ಹಾಕಿ ತೆಳು ಮಾಡಬ್ಯಾಡ್ರಿ, ಸ್ಪಿರಿಟ್ಟೇ ಬೇಕು.

ಮೊದಲು 120, ಆಮ್ಯಾಲ 180, ಕಡೀಕ 220 ನಂಬರ್ ಪಾಲಿಶ್ ಪೇಪರಿನಿಂದ ಕಟ್ಟಿಗಿ ಎಳಿ ಹೋದ ಕಡೆನೇ ಉಜ್ಜ್ರಿ. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣಂಗಿಲ್ಲ, ಪಾಲಿಶ್ ಹೊಳಪು ಬಂದ ಮ್ಯಾಲ ಎದ್ದು ಕಾಣ್ತದ.

ಸಾಗವಾನಿಯೊಳಗ ಎಣ್ಣಿ ಅಂಶ ಅದ. ಸ್ಪಿರಿಟ್ ಅರಿವಿಯಿಂದ ಒರಸಿ, ಆರಿದ ಕೂಡಲೇ ಪಾಲಿಶಿನ ಮೊದಲನೇ ತೆಳು ಕೈ (ಪದರು) ಹಚ್ಚಿಬಿಡ್ರಿ. ತಡ ಮಾಡಿದ್ರ ಎಣ್ಣಿ ಮತ್ತ ಮ್ಯಾಲ ಬರ್ತದ. ಅದರ ತೂತು ದೊಡ್ಡವು, ತುಂಬಲೇಬೇಕು. ಒಂದು ಲೀಟರ್ ಸ್ಪಿರಿಟ್ಟಿಗೆ ಒಂದೂವರೆ ಕೆಜಿ ವೈಟಿಂಗ್ (ಸೀಮೆಸುಣ್ಣದ) ಪುಡಿ, ಬಣ್ಣಕ್ಕ ಸ್ವಲ್ಪ ಹುರಮಂಜಿ ಕಲಸ್ರಿ. ಎಳಿಗೆ ಅಡ್ಡಲಾಗಿ ಉಜ್ಜಿ, ಹೆಚ್ಚಿದ್ದು ಒರಸಿ ತಗೀರಿ. ಒಣಗಿದ ಮ್ಯಾಲ 220 ಪೇಪರ್. ಬಣ್ಣ ಕಲಸದೆ ಹಚ್ಚಿದ್ರ ತೂತುಗಳೆಲ್ಲ ಬಿಳಿ ಚುಕ್ಕಿ ಇಟ್ಟಂಗ ಕಾಣ್ತಾವ.

ಬೀಟಿಯದು ತಕರಾರಿನ ಕಟ್ಟಿಗಿ. ಸ್ಪಿರಿಟ್ ತಾಗಿದ ಕೂಡಲೇ ಕೆಂಪು ಬಣ್ಣ ಬಿಡ್ತದ, ಅದು ತುಂಬಿದ ಪುಡಿಗೂ ಹತ್ತತದ. ಅದಕ್ಕ ಉಜ್ಜಬ್ಯಾಡ್ರಿ; ಮೊದಲು ಎರಡು ತೆಳು ಕೈ ಮೆತ್ತನ ಬ್ರಶ್‌ನಿಂದ ಹಗುರಕ ಎಳೆದು, ಪೂರಾ ಒಣಗಿಸಿ, ಆಮ್ಯಾಲ ಗಾಢ ಬಣ್ಣದ ಪುಡಿ ತುಂಬ್ರಿ.

ಜಾಲಿ ಗಟ್ಟಿ, ಟ್ಯಾನಿನ್ ಅನ್ನೋ ಒಗರಿನ ಅಂಶ ಇರ್ತದ. ಉಜ್ಜೋ ಸ್ಟೀಲ್ ವೂಲ್ (ಉಕ್ಕಿನ ನಾರು) ಚೂರು ಉಳಿದು ನೀರು ತಾಗಿತು ಅಂದ್ರ ಕಪ್ಪು ಕಲೆ ಬೀಳ್ತದ. ಬಿದ್ದಿದ್ರ ಆಕ್ಸಾಲಿಕ್ ಆಸಿಡ್ ನೀರಿನಿಂದ ತೊಳೀರಿ, ಕೈಗವಸು ಹಾಕ್ಕೊಂಡು, ಆಮ್ಯಾಲ ಬರೀ ನೀರಿನಿಂದ. ಪೂರಾ ಒಣಗಿದ ಮ್ಯಾಲ ಪಾಲಿಶ್ ಕೈ.

ಪಾಲಿಶ್ ಹಚ್ಚೋ ಬಟ್ಟಿ ಪೊಟ್ಲಿ ಮಾತು ಮರೀಬಾರದು: ಒಳಗ ಅರಳಿ (ಹತ್ತಿ), ಹೊರಗ ತೊಳೆದು ತೊಳೆದು ಮೆತ್ತಗಾದ ಪಂಚೆ ಬಟ್ಟಿ, ಸುಕ್ಕಿಲ್ಲದಂಗ. ಪಾಲಿಶ್ ಒಳಗ ಹಾಕ್ರಿ, ಮ್ಯಾಲಿಂದ ಅದ್ದಬ್ಯಾಡ್ರಿ. ಮೊದಲು ಸಣ್ಣ ಸುತ್ತು, ಆಮ್ಯಾಲ ಎಂಟರ ಆಕಾರ, ಕಡೀಕ ನೆಟ್ಟಗ. ಕಟ್ಟಿಗಿ ಮ್ಯಾಲ ಪೊಟ್ಲಿ ಒಂದು ಕ್ಷಣ ನಿಂತ್ರೂ ಅಲ್ಲೇ ಅಂಟಿ ಪದರು ಕಿತ್ತು ಬರ್ತದ.

ಪ್ರಶ್ನೆ (ಯಾದಗಿರಿ): ಪೊಟ್ಲಿ ಜಗ್ಗಲಿಕ್ಕತ್ತದ ಸರ್, ಜಾರಂಗಿಲ್ಲ. ಮನ್ಯಾಗಿನ ಕುಸುಬಿ ಎಣ್ಣಿ ಹಚ್ಚಿದ್ರ?

ಉತ್ತರ: ಶೇಂಗಾ ಎಣ್ಣಿ ಎಂದೂ ಒಣಗಂಗಿಲ್ಲ, ಅದಂತೂ ಬ್ಯಾಡ. ಕುಸುಬಿ ಒಣಗ್ತದ, ಬಾಳ ತಡ. ಹಸಿ ಅಗಸಿ ಎಣ್ಣಿ ತಗೋರಿ, ಬೆರಳ ತುದಿಯಷ್ಟು ಪೊಟ್ಲಿಯ ಮುಖಕ್ಕ ಸವರ್ರಿ, ಸಾಕು. ಎಣ್ಣಿ ಬರೀ ಜಾರಲಿಕ್ಕೆ ಇರೋದು. ಹೆಚ್ಚಾದ್ರ ಪದರಿನೊಳಗ ಸಿಕ್ಕಿ ತಿಂಗಳಾದ ಮ್ಯಾಲ ಮಬ್ಬಾಗ್ತದ. ಕಡೀಕ ಹೊಸ ಪೊಟ್ಲಿಗೆ ನಾಲ್ಕು ಹನಿ ಸ್ಪಿರಿಟ್ ಹಾಕಿ ಹಗುರಕ ನೆಟ್ಟಗ ಎಳೀರಿ, ಎಣ್ಣಿ ಎತ್ತಿ ಬರ್ತದ. ಹೆಚ್ಚು ಸ್ಪಿರಿಟ್ ಹಾಕಿದ್ರ ಮಾತ್ರ ಮಾಡಿದ್ದೆಲ್ಲ ಕರಗ್ತದ.

ಮ್ಯಾಲ ನಿಮ್ಮೂರಿನ ಬ್ಯಾಸಗಿ ಬಿಸಿಲಾಗ ಸ್ಪಿರಿಟ್ ಹಾರಿಹೋಗ್ತದ, ಅದಕ್ಕೂ ಜಗ್ಗತದ. ಮುಂಜಾನೆ 6ರಿಂದ 9ರೊಳಗ ಮಾಡ್ರಿ, ಫ್ಯಾನ್ ಬಂದ್ ಇರಲಿ. ಎಣ್ಣಿ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಇಡಬ್ಯಾಡ್ರಿ, ಅದು ತಾನೇ ಬಿಸಿಯಾಗಿ ಉರಿ ಹತ್ತೋದದ. ಹರವಿ ಒಣಗಿಸ್ರಿ.

ಪ್ರಶ್ನೆ (ಬೀದರ): ಮಳಿಗಾಲದಾಗ ಹಚ್ಚಿದ್ದು, ಬೆಳ್ಳಗ ಮಂಜು ಕವಿದಂಗ ಆಗ್ಯದ. ಮತ್ತ, ಹಳೇ ಬಾಟಲಿ ಪಾಲಿಶ್ ಒಣಗದೆ ಅಂಟಂಟಾಗ್ತದ.

ಉತ್ತರ: ಸ್ಪಿರಿಟ್ ಹಾರುವಾಗ ಮ್ಯಾಲ್ಮೈ ತಂಪಾಗಿ ಗಾಳಿಯ ತೇವ ಕೂಡ್ತದ, ಅದೇ ಬಿಳುಪು. ಒಣ ದಿನದಾಗ ಸ್ಪಿರಿಟ್ ಸ್ವಲ್ಪೇ ಹಾಕಿದ ಪೊಟ್ಲಿ ಒಂದು ಸಲ ಸರಿಸ್ರಿ, ಬಹುಪಾಲು ಹೋಗ್ತದ. ಒಣಗದ ಪಾಲಿಶ್ ಹಳತಾಗಿದ್ದು, ಅದನ್ನ ಚೆಲ್ಲಿಬಿಡ್ರಿ. ಆರು ತಿಂಗಳಕ್ಕಿಂತ ಹಳೇದು ಮೊದಲು ಗಾಜಿನ ಮ್ಯಾಲ ಒಂದು ಹನಿ ಹಾಕಿ ನೋಡ್ರಿ, ಮರುದಿನ ಉಗುರು ಊರಿದ್ರ ಗುರುತು ಬಿದ್ದರ ಆ ಬಾಟಲಿ ಕೆಲಸಕ್ಕ ಬರಂಗಿಲ್ಲ. ಅದಕ್ಕ ಬೇಕಾದಷ್ಟೇ ಕರಗಸ್ರಿ.

ಪ್ರಶ್ನೆ (ಕಲಬುರಗಿ): ಊಟದ ಟೇಬಲ್ಲಿಗೂ ಇದೇ ಹಚ್ಚಲೇನ್ರಿ?

ಉತ್ತರ: ಬ್ಯಾಡ. ಬಿಸಿ ಚಹಾ ಕಪ್ಪಿಗೆ ಬಿಳಿ ಬಳಿ ಬೀಳ್ತದ, ಸ್ಪಿರಿಟ್ ಇರೋ ಸ್ಯಾನಿಟೈಜರ್ ಹನಿಗೆ ಕರಗಿ ತೂತಾಗ್ತದ. ಅಲ್ಲಿಗೆ ಪಿಯು (ಪಾಲಿಯುರೇಥೇನ್) ಪಾಲಿಶ್ ಹಾಕಸ್ರಿ. ಆದ್ರ ಸಾದಾ ಚಪಡಾದಾಗ ಮೇಣ ಇರ್ತದ, ಅದರ ಮ್ಯಾಲ ಪಿಯು ಕೂಡಂಗಿಲ್ಲ, ಸುಲದು ಬರ್ತದ. ಹೊರಬಾಗಲಿಗೂ ಚಪಡಾ ಬ್ಯಾಡ, ಬಿಸಿಲು ಮಳಿ ಎರಡೂ ಅದಕ್ಕ ಆಗಂಗಿಲ್ಲ.